ಕೊಟ್ಟಿಗೆಯ ಕೋಟು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಅತ್ತೆ ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಹೊಟ್ಟೆ ಕೆಳಗಿಳಿದಿದೆ, ಮಗ್ಗುಲು ಬದಲಿಸುವುದೂ ಕಷ್ಟ ಎಂದು ಬರೆದಿದ್ದೀಯ. ಮಲಗುವಾಗ ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೋ. ನಿನ್ನಮ್ಮನ ಮಾತು ಕೇಳು. ಸುಮ್ಮನೆ ಕೂರುವುದು ನಿನಗೆ ಬರುವುದಿಲ್ಲವೆಂದು ಗೊತ್ತು, ಆದರೂ ಈಗ ಕಲಿ.

ನನ್ನ ಮಗನ ಕೊಟ್ಟಿಗೆಯ ಕೋಟನ್ನು ಕೇಳಿದ್ದೀಯ. "ಒಗೀಬೇಡಿ ಅತ್ತೆ, ಹಾಗೇ ಕಳಿಸಿ, ಮಗು ಪಕ್ಕದಲ್ಲಿ ಇಟ್ಕೋತೀನಿ" ಎಂದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಕೋಟಿನ ವಿಷಯಕ್ಕೆ ಬರುತ್ತೇನೆ. ಮೊದಲು ಹಂದಿಗಳ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೇಳದೆ ಇದನ್ನು ಹೇಳಲು ಆಗುವುದಿಲ್ಲ.

ಗುರುವಾರ ಕಸಾಯಿಖಾನೆಯ ಲಾರಿ ಬಂತು. ಮರಿಗಳು ಹೋದವು. ನಾನಿನ್ನೂ ಮರಿಗಳು ಅನ್ನುತ್ತೇನೆ, ನೋಡಿದರೆ ಒಂದೊಂದೂ ನನಗಿಂತ ಭಾರ.

ಅವು ಹುಟ್ಟಿದ ದಿನ ನಿನಗೆ ನೆನಪಿರಬೇಕು. ನೀನು ದೊಡ್ಡಮ್ಮ ಎಂದು ಕರೆಯುವ ತಾಯಿಹಂದಿ ಬೆಳಗಿನಿಂದ ಒಣಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು ಮೂಲೆಗೆ ಒಟ್ಟುತ್ತಿದ್ದಳು. ಅವಳು ಮಗ್ಗುಲಾದಾಗ ಮರಿಗಳು ಮೈಯಡಿಗೆ ಸಿಗದಿರಲಿ ಎಂದು ಅವನು ಹಲಗೆ ಅಡ್ಡ ಕಟ್ಟಿ, ಆಚೆ ಬದಿಗೆ ಬೆಚ್ಚಗಿರಲು ಬಲ್ಬು ಹಾಕಿದ. ಒಂದೊಂದೇ ಮರಿಯ ಮೂಗು ಬಾಯಿ ಒರೆಸಿ ನಿನ್ನ ಕೈಗೆ ಕೊಡುತ್ತಿದ್ದ, ನೀನು ಮೊಲೆಗೆ ಹಿಡಿಸುತ್ತಿದ್ದೆ. ಜೋರಿದ್ದವು ಹಾಲು ಹೆಚ್ಚಿರುವ ಮುಂದಿನ ಮೊಲೆಗಳನ್ನು ಹಿಡಿದವು. ಕಡೆಯ ಸಣಕಲಿಗೆ ಹಿಂದಿನ ಒಣ ಮೊಲೆಯೇ ಗತಿಯಾಯಿತು. ಅದನ್ನು ಅವನು ಕೋಟಿನೊಳಗೆ ಸೇರಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಲು ನೋಡಿದ. ಅದು ಬಾಟಲಿ ಬಿಟ್ಟು ಕೋಟಿನ ಗುಂಡಿ ಚೀಪಿತು. "ಇವಳಿಗೆ ಗುಂಡಿ ಅಂತಾನೇ ಹೆಸರಿಡೋಣ" ಎಂದು ನೀನು ನಕ್ಕೆ. ಈ ಮನೆಯಲ್ಲಿ ನೀನು ಹಾಗೆ ನಕ್ಕಿದ್ದನ್ನು ಆಮೇಲೆ ನಾನು ಕೇಳಿಲ್ಲ.

ಮರಿಗಳು ಇನ್ನೂ ಹಾಲು ಬಿಟ್ಟಿರಲಿಲ್ಲ, ಅವನು ಅಂಗಳದಲ್ಲಿ ಎದೆ ಹಿಡಿದುಕೊಂಡು ಕೂತ. ಅದರ ಮುಂದಿನದು ಇಬ್ಬರಿಗೂ ಗೊತ್ತು. ಬರೆಯುವುದಿಲ್ಲ.

ನೀನು ತವರಿಗೆ ಹೋದ ಮೇಲೆ ಕೊಟ್ಟಿಗೆಗೆ ನಾನೊಬ್ಬಳೇ ಆದೆ. ತಾಯಿಯಿಂದ ಬಿಡಿಸಿದ ದಿನ ಮರಿಗಳು ಗೋಡೆಯಿಂದ ಗೋಡೆಗೆ ಓಡಿದವು. ನನ್ನನ್ನು ಕಂಡರೆ ಒಂದರ ಮೇಲೊಂದು ಬಿದ್ದು ಮೂಲೆ ಸೇರುತ್ತಿದ್ದವು. ತೊಟ್ಟಿಯ ತುಂಬ ತವುಡು ಕಲಸಿಟ್ಟರೂ ನಾನು ಆಚೆ ಹೋಗುವ ತನಕ ಮೂಗು ಹಾಕುತ್ತಿರಲಿಲ್ಲ. ಒಂದರ ಬಾಲ ಒಂದು ಕಚ್ಚಲು ಶುರುಮಾಡಿದವು. ಡಾಕ್ಟರು ಬಂದು ನೋಡಿ, "ಕಾಯಿಲೆ ಏನಿಲ್ಲಮ್ಮ, ಹೆದರಿಕೆ. ನಿಮ್ಮ ವಾಸನೆ ಇವಕ್ಕೆ ಹೊಸದು" ಎಂದರು.

ಬಾಗಿಲ ಪಕ್ಕದ ಮೊಳೆಯಲ್ಲಿ ಕೋಟು ತೂಗುತ್ತಿತ್ತು. ಅವನ ಕ್ರಮ ನಿನಗೆ ಗೊತ್ತಲ್ಲ. ಉಣ್ಣೆಯ ಟೋಪಿ ಹೊರಗೇ ತೆಗೆದಿಡಬೇಕು, ಕೋಟು ಹಾಕಿಕೊಳ್ಳಬೇಕು, ಆಮೇಲೆ ಒಳಗೆ. ಮರಿ ಹುಟ್ಟಿದಾಗಿನಿಂದ ಲಾರಿ ಬರುವವರೆಗೆ ಆ ಕೋಟಿಗೆ ನೀರು ಸೋಕಿಸುತ್ತಿರಲಿಲ್ಲ. ನಾನು ಮೂಗು ಮುಚ್ಚಿಕೊಂಡು ಬೈದರೆ, "ಅವಕ್ಕೆ ನನ್ನ ಮುಖ ಎಲ್ಲಿ ಗೊತ್ತಮ್ಮ, ಕೋಟೇ ಗೊತ್ತಿರೋದು" ಅನ್ನುತ್ತಿದ್ದ.

ನಾನು ಕೋಟು ಹಾಕಿಕೊಂಡೆ. ತೋಳು ಮಡಚಿ ಒಳಗೆ ಹೋಗಿ ನಿಂತೆ. ಮೊದಲು ಗುಂಡಿ ಬಂದು ಅಂಚು ಮೂಸಿದಳು. ಹಿಂದೆಯೇ ಉಳಿದವು ಬಂದವು. ಅವು ಕಾಲಿಗೆ ಮೈ ತಿಕ್ಕಿದಾಗ, ಮಗಳೇ, ನನಗೆ ಸಂತೋಷವೇ ಆಯಿತು. ಅಂದಿನಿಂದ ದಿನವೂ ಅದನ್ನೇ ಹಾಕಿಕೊಂಡು ಹುಲ್ಲು ಬದಲಿಸಿದೆ, ನೆಲ ತೊಳೆದೆ, ಬಿಸಿಲೇರಿದಾಗ ಅವುಗಳ ಮೈಗೆ ನೀರು ಎರಚಿದೆ. ಆಡಲು ಹಳೆಯ ಟೈರು ಕಟ್ಟಿದೆ, ಬಾಲ ಕಚ್ಚುವುದು ನಿಂತಿತು. ತೊಟ್ಟಿಯ ಬುಡ ನೆಕ್ಕಿ ತಿಂದು ಮೈ ತುಂಬಿಕೊಂಡವು. ಫೀಡಿನ ಅಂಗಡಿಯವನು ಬಂದವನು, "ಮಗನಿಗಿಂತ ಚೆನ್ನಾಗಿ ಸಾಕಿದ್ದೀರಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಗುರುವಾರ ಲಾರಿಯವನು ಹತ್ತಿಸುವ ಹಲಗೆ ಇಳಿಸಿದ. ಒಂದೂ ಕದಲಲಿಲ್ಲ. ಅವನ ಜೊತೆಗಾರ ಕೋಲು ತೆಗೆದ. ಬೇಡ ಎಂದೆ. "ಮತ್ತೆ ಹೇಗಮ್ಮ? ಮದುವೆಗೆ ಕರೆಯೋ ಹಾಗೆ ಕೈ ಮುಗಿದು ಕರೀಲಾ?" ಎಂದು ಅವನು ನಕ್ಕ. ಲಾರಿಯವನು ನಗಲಿಲ್ಲ. "ನಿಮ್ಮ ಮಗ ಇದ್ದಾಗ ಮುಂದೆ ಅವನೇ ಹತ್ತೋನು. ಅವನ ಹಿಂದೆ ಇವೆಲ್ಲ ಸಾಲಾಗಿ ಹತ್ತೋವು" ಎಂದ. ಅದು ನನಗೆ ಗೊತ್ತೇ ಇರಲಿಲ್ಲ. ಲಾರಿ ಬರುವ ದಿನ ಅವನು ನಮ್ಮಿಬ್ಬರನ್ನೂ ಆ ಕಡೆ ಬಿಟ್ಟುಕೊಳ್ಳುತ್ತಿರಲಿಲ್ಲವಲ್ಲ.

ನಾನು ಕೋಟು ಹಾಕಿಕೊಂಡು ಹಲಗೆ ಹತ್ತಿದೆ. ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಗೊರಸಿನ ಸದ್ದು ಬಂತು. ಕೋಲು ತಾಗದೆ ಎಲ್ಲವೂ ಹತ್ತಿದವು. ಮುಂದಿನ ಸಣ್ಣ ಬಾಗಿಲಿನಿಂದ ಇಳಿಯುವಾಗ ಯಾರೋ ಹಿಡಿದೆಳೆದ ಹಾಗಾಯಿತು. ಗುಂಡಿಯ ಬಾಯಲ್ಲಿ ಕೋಟಿನ ಅಂಚಿತ್ತು. ಎಳೆದೆ, ಬಿಡಲಿಲ್ಲ. "ಬಿಡೇ ತಾಯಿ, ಹೊತ್ತಾಯ್ತು" ಎಂದು ಗುಂಡಿಗೆ ಹೇಳಿ ಲಾರಿಯವನು ನನ್ನ ಕೈ ಹಿಡಿದು ಇಳಿಸಿಕೊಂಡ. ಬಟ್ಟೆ ಹರಿಯಿತು. ಬಾಗಿಲು ಮುಚ್ಚಿತು.

ಲಾರಿ ಹೋದ ದಿನ ಅವನು ಊಟಕ್ಕೆ ಬರುತ್ತಿರಲಿಲ್ಲ, ನೆನಪಿದೆಯಾ? ಒಗೆಯುವ ಕಲ್ಲಿನ ಹತ್ತಿರ ಕೂತು ಕೋಟನ್ನು ತಾನೇ ಒಗೆಯುತ್ತಿದ್ದ. ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದ. "ಸೋಪಿನ ಅಂಗಡಿಯವರ ಅಳಿಯ ಆಗಬೇಕಿತ್ತು ಇವರು" ಎಂದು ನೀನು ಚುಡಾಯಿಸುತ್ತಿದ್ದೆ, ನಾನೂ ನಗುತ್ತಿದ್ದೆ. ಕೊಳೆ ಹೋಗಲಿ ಎಂದು ಒಗೆಯುತ್ತಾನೆ ಅಂದುಕೊಂಡಿದ್ದೆವು.

ಒಗೆಯಬೇಡಿ ಎಂದು ನೀನು ಬರೆದದ್ದು ನನಗೆ ನೆನಪಿತ್ತು. ಮರೆತು ಮಾಡಿದೆ ಎಂದು ಬರೆಯಲಾರೆ. ಆ ವಾಸನೆಯನ್ನು ನಂಬಿ ಅವು ಹಲಗೆ ಹತ್ತಿದವು. ಅದನ್ನೇ ಕೂಸಿನ ಪಕ್ಕಕ್ಕೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಕೋಟು ಒಗೆದೆ. ಒಣಗಿದ ಮೇಲೆ ಇನ್ನೊಮ್ಮೆ ಒಗೆದೆ. ಅಂಚು ಹರಿದ ಕಡೆ ಹೊಲಿಗೆ ಹಾಕಿಲ್ಲ. ಈಗ ಅದರಲ್ಲಿ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಬೈಯಬೇಕು ಅನಿಸಿದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ದೊಡ್ಡಮ್ಮನಿಗೂ ನಿನ್ನ ಹಾಗೆ ದಿನ ತುಂಬುತ್ತಿದೆ. ಮತ್ತೆ ಹುಲ್ಲು ಒಟ್ಟುತ್ತಿದ್ದಾಳೆ. ಈ ಸಲ ಮೊಳೆಗೆ ನನ್ನ ಹಳೆಯ ಸ್ವೆಟರು ಹಾಕಿದ್ದೇನೆ. ಹುಟ್ಟುವ ಮರಿಗಳಿಗೆ ಮೊದಲ ದಿನದಿಂದ ನನ್ನ ವಾಸನೆಯೇ ಗೊತ್ತಿರಲಿ. ಅವು ನಂಬುವುದಾದರೆ ನನ್ನನ್ನು ನಂಬಲಿ, ಅವನನ್ನು ಬೇಡ.

ಮೈ ಕಡೆ ಜೋಪಾನ.

ನಿನ್ನ ಅತ್ತೆ

ಕಾಗದ ಮಡಚಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ: ಅವನ ಟೋಪಿ ಆಸ್ಪತ್ರೆಯಲ್ಲೇ ಕಳೆಯಿತು ಎಂದು ನಿನಗೆ ಹೇಳಿದ್ದೆ. ಕಳೆದಿರಲಿಲ್ಲ. ನನ್ನ ದಿಂಬಿನ ಕೆಳಗಿತ್ತು. ನೀನು ಕೋಟು ಕೇಳಿದಾಗ, ಸದ್ಯ ಟೋಪಿಯ ಮಾತು ಮತ್ತೆ ಎತ್ತಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟೆ. ಅದು ಎಂದೂ ಕೊಟ್ಟಿಗೆಯೊಳಗೆ ಹೋದದ್ದಲ್ಲ, ಅದರಲ್ಲಿರುವುದು ಅವನೊಬ್ಬನೇ. ಸೋಪಿನ ವಾಸನೆ ಹತ್ತದಿರಲಿ ಎಂದು ಬೇರೆ ಡಬ್ಬಿಯಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಮುಚ್ಚಳ ಪದೇ ಪದೇ ತೆಗೆಯಬೇಡ.