ಗುಮ್ಮಟ ಬೇಡವೆಂದಿದ್ದರು ನಿಮ್ಮ ತಂದೆ

ಜರಫ್ಶಾನ್ ನದಿ ದಡದ ಇಟ್ಟಿಗೆ ಕೇರಿಯಿಂದ

ಹೊಸ ಅಮೀರರಾದ ಫರ್ರುಖ್ ಅವರಿಗೆ ಸಲಾಂ.

ತಮ್ಮನ್ನು ಬಡವರ ಖಬರಸ್ಥಾನದಲ್ಲೇ ಹೂಳಬೇಕು, ಮೇಲೆ ಬರೀ ಮಣ್ಣಿರಬೇಕು, ತಮಗಾಗಿ ಯಾರ ಗೋರಿಯನ್ನೂ ಅಲುಗಿಸಬಾರದು ಎಂದು ನಿಮ್ಮ ತಂದೆ ಸಾಯುವಾಗ ಕೇಳಿದರು. ನೀವು ಅವರ ಕೈ ಹಿಡಿದು ಆಗಲಿ ಎಂದಿರಿ. ಹೂಳಿದ್ದೊಂದು ನಡೆಯಿತು, ಉಳಿದೆರಡು ಮಾತನ್ನೂ ಮುರಿದಿರಿ. ಅವರ ಗೋರಿಯ ಮೇಲೆ ಗುಮ್ಮಟ ಕಟ್ಟಲು ಪಾಯದ ಗುರುತಿಗೆ ದಾರ ಎಳೆಸಿ, ಅಗೆತವನ್ನೂ ಶುರು ಮಾಡಿಸಿದ್ದೀರಿ. ಆ ದಾರ ಹೋದ ಚಳಿಗಾಲ ಜ್ವರದಲ್ಲಿ ಸತ್ತ ನನ್ನ ಮಗಳು ಮಾಹಕಳ ಎದೆಯ ಮೇಲೆ ಹಾದಿದೆ.

ನಿಮ್ಮ ಮೇಸ್ತ್ರಿ ಕೇಳಿದ: "ಏನವ್ವಾ, ಅಮೀರರ ಪಕ್ಕದಲ್ಲೇ ನಿನ್ನ ಮಗಳಿಗೆ ಜಾಗ ಬೇಕಾ?"

"ಅವಳು ಮೊದ್ಲೇ ಬಂದು ಮಲಗಿದಾಳೆ ಕಣಪ್ಪಾ. ಪಕ್ಕಕ್ಕೆ ಬಂದೋರು ಅಮೀರರು," ಅಂದೆ. ಕೂಲಿಯವರು ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮ ತಂದೆ ದೊಡ್ಡವರೆಂದು ಗುಮ್ಮಟ ನಮಗೆ ಹೇಳಬೇಕಿಲ್ಲ. ಕಾಲುವೆ ತೋಡಿಸುವಾಗ ನಮ್ಮ ಜೊತೆ ಕೆಸರಲ್ಲಿ ಕೂತು, ನಮ್ಮ ರೊಟ್ಟಿಯನ್ನೇ ಮುರಿದು ತಿಂದವರು. ಅವರಿಗಾಗಿ ನಾವೂ ಅತ್ತಿದ್ದೇವೆ. ಆದರೆ ಗುಮ್ಮಟಕ್ಕೆ ಇಟ್ಟಿಗೆ ಸುಡಬೇಕಾದವರು ನಾವು. ಭಟ್ಟಿಗಳನ್ನೆಲ್ಲ ಆರಿಸಿದ್ದೇವೆ. ಚಾವಟಿ ತಂದರೂ ಹಚ್ಚುವುದಿಲ್ಲ.

ಕೇಳುವುದು ಇಷ್ಟೇ. ದಾರ ಬಿಚ್ಚಿಸಿ, ಅಗೆದದ್ದನ್ನು ಮುಚ್ಚಿಸಿ. ಮಗಳ ತಲೆಯ ಕಡೆ ಗುದ್ದಲಿ ತಾಕಿದೆ. ಅಲ್ಲಿಗೆ ಮಾತ್ರ ನಿಮ್ಮ ಆಳುಗಳು ಬೇಡ, ನಾನೇ ಮುಚ್ಚುತ್ತೇನೆ.

ಇಟ್ಟಿಗೆ ಅಚ್ಚು ಹಾಕುವ
ಶಹ್ರನಾಜ್

ಕೇರಿಯವರೆಲ್ಲ ಖಬರಸ್ಥಾನದಲ್ಲಿ ಸೇರುತ್ತೇವೆ. ನಿಮ್ಮ ತಂದೆಗೆ ಒಂದು ಹಿಡಿ ಮಣ್ಣು ಹಾಕಲು ನೀವೂ ಬನ್ನಿ: ಈ ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದ ಕೂಡಲೇ.