ದಫ್ತರಖಾನೆಯ ಇಲಿಗಳಿಗೆ ಉಣಬಡಿಸಿದವರು ಯಾರು?

ದಫ್ತರಖಾನೆಯ ಮೇಲ್ವಿಚಾರಣೆ ಹೊತ್ತ ಸಾಹೇಬರೇ,

ನಿಮ್ಮ ಕಚೇರಿಯ ಕಾಗದಗಳನ್ನು ಇಲಿಗಳು ತಿಂದವೆಂದು ನೀವು ಉಡಚವ್ವನನ್ನು ಕೆಲಸದಿಂದ ತೆಗೆದಿದ್ದೀರಿ. ಈಗ ಇಲಿಗಳು ಒಳಗಿವೆ, ಅವಳು ಹೊರಗಿದ್ದಾಳೆ. ಇದಕ್ಕೆ ಆಡಳಿತ ಸುಧಾರಣೆಯೆಂದು ಹೆಸರಂತೆ! ಕಚೇರಿ ಯಾವ ಊರಿನದೆಂದು ನಾನು ಬರೆಯುವುದಿಲ್ಲ. ಹಾನಗಲ್ಲಿನವರು ಶಿಗ್ಗಾವಿಯದೆಂದುಕೊಳ್ಳಲಿ, ಶಿಗ್ಗಾವಿಯವರು ಹಿರೇಕೆರೂರಿನದೆಂದುಕೊಳ್ಳಲಿ. ನಿಮಗೆ ಗೊತ್ತಾದರೆ ಸಾಕು.

ಉಳಿದ ಓದುಗರಿಗಾಗಿ ಹೇಳುತ್ತೇನೆ. ಗೋಧಿಹಿಟ್ಟು ಕುದಿಸಿ, ಖಳಿ ಮಾಡಿ, ಹರಿದ ಹಳೆಯ ಕಾಗದಗಳಿಗೆ ಪಟ್ಟಿ ಅಂಟಿಸುವುದು ಉಡಚವ್ವನ ಕೆಲಸ. ಹದಿನೆಂಟು ವರ್ಷ ಮಾಡಿದಳು. ಎರಡು ವರ್ಷಗಳಿಂದೀಚೆಗೆ ಇಲಿಗಳ ಕಾಟ ಹೆಚ್ಚಿತು. ಸಾಹೇಬರು ಮೊದಲು ಬೋನು ತರಿಸಿದರು. ಆಮೇಲೆ ಬೆಕ್ಕು ತರಿಸಿ, ಅದಕ್ಕೆ ದಿನಕ್ಕೆ ಪಾವು ಸೇರು ಹಾಲು ಮಂಜೂರು ಮಾಡಿದರು. ಬೆಕ್ಕು ಹಾಲು ಕುಡಿದು ೧೯೨೯ರ ಜಮಾಬಂದಿ ಕಟ್ಟಿನ ಮೇಲೆ ಸೊಗಸಾಗಿ ಮಲಗಿತು. ಹೆಚ್ಚು ಪಟ್ಟಿ ಅಂಟಿಸಿರೆಂದು ಹುಕುಮು ಬಂತು. ಅಂಟಿಸಿದಷ್ಟೂ ಇಲಿಗಳು ತಿಂದವು, ತಿಂದಷ್ಟೂ ಅಂಟಿಸಲು ಹಿಟ್ಟು ಬೇಕಾಯಿತು. ಕಾಳಿಗೆ ರೇಷನ್ ಬಂದಿರುವ ಈ ಕಾಲದಲ್ಲಿ ಅಷ್ಟು ಹಿಟ್ಟು ಎಲ್ಲಿಗೆ ಹೋಯಿತು? ಅವಳೇ ಮನೆಗೆ ಒಯ್ದಿರಬೇಕು! ಸಾಹೇಬರಿಗೆ ಕಾರಣ ಸಿಕ್ಕಿಬಿಟ್ಟಿತು.

ಕಳೆದ ತಿಂಗಳು ನಾನು ಆಡೂರಿನ ನಮ್ಮ ಹೊಲದ ನಕಾಶೆ ನೋಡಲು ಬಂದಿದ್ದೆ. ಕಾರಕೂನರು ಬಹಳ ಮರ್ಯಾದೆಯಿಂದ, “ಮೂಡಣ ಗಡಿ ಇಲಿ ತಿಂದಾವ್ರಿ. ಪಡುವಣದ್ದು ಪೂರಾ ಅದ ನೋಡ್ರಿ” ಎಂದರು. ನಮ್ಮೂರಿನ ಶಾಸನದ ಕಲ್ಲುಗಳು ಸಾವಿರ ವರ್ಷ ಮಳೆಗಾಳಿಯಲ್ಲಿ ನಿಂತಿವೆ; ನಿಮ್ಮ ಬೀಗದೊಳಗಿನ ನಕಾಶೆ ಹನ್ನೆರಡು ವರ್ಷ ಬಾಳಲಿಲ್ಲ. ಆದರೆ ಅದಕ್ಕೆ ಎರಡು ಪಟ್ಟಿಗಳಿದ್ದವು. ೧೯೩೬ರಲ್ಲಿ ಅಂಟಿಸಿದ್ದನ್ನು ಇಲಿ ಮೂಸಿಯೂ ನೋಡಿರಲಿಲ್ಲ. ಕಳೆದ ವರ್ಷ ಅಂಟಿಸಿದ್ದನ್ನು ಉದ್ದಕ್ಕೂ ತಿಂದಿತ್ತು. ಒಂದೇ ಕಾಗದ, ಒಂದೇ ಕೈ. ಇಲಿಗೆ ಮಾತ್ರ ಎರಡು ರುಚಿ ಏಕೆ? ಹಿಂದೆ ಉಡಚವ್ವನ ಬೆರಳುಗಳು ಸದಾ ನೀಲಿಯಾಗಿರುತ್ತಿದ್ದುದು ನನಗೆ ನೆನಪಾಯಿತು. ನೇರ ಅವಳ ಮನೆಗೆ ಹೋದೆ.

“ಖಳಿಯೊಳಗ ಏನರೆ ಬದಲ ಮಾಡೀಯೇನವ್ವಾ?”

“ನಾ ಯಾಕ ಮಾಡ್ಲಿರಿ? ಮೊದಲ ನೀಲಿ ಮೈಲುತುತ್ತ ಹಾಕ್ತಿದ್ದೆ. ಆ ಕಹಿಗೆ ಇಲಿ ಹತ್ರ ಬರ್ತಿದ್ದಿಲ್ಲ. ಅದನ್ನ ಕೊಡೋದ ಬಂದ್ ಮಾಡಿದ್ರು. ಈಗಿಂದು ಖಳಿ ಅಲ್ರಿ, ಗಂಜಿ. ಉಪ್ಪು ಹಾಕಿದ್ರ ಸಾಹೇಬರೂ ಉಣ್ಣಬಹುದು.”

“ಅವರಿಗೆ ಹೇಳಬಾರದಾಗಿತ್ತ?”

“ಕೇಳಿದ್ರ ಹೇಳ್ತಿದ್ದೆನಲ್ರಿ! ಚೌಕಶಿಗೆ ಮೂರು ಮಂದಿ ಬಂದ್ರು. ಹಿಟ್ಟು ಎಷ್ಟ ಒಯ್ದಿ ಅಂದ್ರು, ಗಡಿಗಿ ಮುಚ್ಚಳ ತಗದು ನೋಡಿದ್ರು. ಇಲಿ ಯಾಕ ಬಂದಾವು ಅಂತ ಒಬ್ಬರೂ ಕೇಳಲಿಲ್ಲ.”

ಮೈಲುತುತ್ತ ಏಕೆ ನಿಂತಿತು? ಅದನ್ನೂ ಹುಡುಕಿದೆ. ೧೯೪೨ರ ಸಾಮಾನು ಬೇಡಿಕೆಯ ಕಾಗದದಲ್ಲಿ ಅದರ ಮೇಲೆ ಕೆಂಪು ಗೆರೆ ಎಳೆದಿದೆ. ಬದಿಯಲ್ಲಿ ‘ಯುದ್ಧಕಾಲದ ಮಿತವ್ಯಯ, ಅನಾವಶ್ಯಕ’ ಎಂಬ ಷರಾ. ಕೆಳಗಿನ ಸಹಿ ತಮ್ಮದು. ಯಾರು ತೋರಿಸಿದರೆಂದು ಕೇಳಬೇಡಿ. ಆ ಕಾಗದವನ್ನು ಇಲಿ ಮುಟ್ಟಿಲ್ಲ. ಅದಕ್ಕಿನ್ನೂ ಯಾರೂ ಪಟ್ಟಿ ಅಂಟಿಸಿಲ್ಲವಲ್ಲ.

ಬೋನಿನಿಂದ ಬೆಕ್ಕಿಗೆ ಬಂದಿರಿ, ಬೆಕ್ಕಿನಿಂದ ಉಡಚವ್ವನಿಗೆ ಬಂದಿರಿ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಿಮ್ಮ ಮೇಜಿಗೇ ಬರುತ್ತಿದ್ದಿರಿ. ಅದಕ್ಕೇ ಅಲ್ಲಿ ನಿಂತಿರೇ? ತಪ್ಪು ಯಾರದೆಂದು ಕೇಳುವ ಕಚೇರಿಗೆ ಒಬ್ಬ ತಪ್ಪಿತಸ್ಥ ಸಿಕ್ಕೇ ಸಿಗುತ್ತಾನೆ. ಏಕಾಯಿತೆಂದು ಕೇಳುವ ಕಚೇರಿಯಲ್ಲಿ ಮಾತ್ರ ಇಲಿಗಳು ಕಡಿಮೆಯಾಗುತ್ತವೆ.

ಉಡಚವ್ವ ಈಗ ಸಂತೆಗೆ ಹೋಗುವುದಿಲ್ಲ. ಅವಳನ್ನು ಕಂಡು ಹಿಟ್ಟಿನ ಅಂಗಡಿಯವನು ಚೀಲದ ಬಾಯಿ ಮುಚ್ಚಿದನಂತೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಮೈಲುತುತ್ತ ತರಿಸಿ, ಅವಳನ್ನು ಕರೆಸಿ. ಕಳ್ಳಿ ಎಂದದ್ದು ಬಾಯಿಮಾತಿನಲ್ಲಿ. ಅಲ್ಲವೆಂಬುದನ್ನು ಬರೆದು, ಮೊಹರು ಹಾಕಿ ಕೊಡಿ. ಆ ಕಾಗದವನ್ನು ದಯವಿಟ್ಟು ದಫ್ತರಖಾನೆಯಲ್ಲಿ ಇಡಬೇಡಿ. ಅವಳ ಕೈಗೇ ಕೊಡಿ. ಅಲ್ಲಿಯಾದರೂ ಉಳಿಯುತ್ತದೆ.

ಇಂತಿ,
ಈ ಪತ್ರದ ನಕಲನ್ನು ಮನೆಯ ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡಿರುವ
ಒಬ್ಬ ಬಡ ಖಾತೇದಾರ