ಅಮ್ಮ, ನನ್ನ ಡಾಕ್ಟರಿಗೆ ಫೋನ್ ಮಾಡಬೇಡ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದಿನ, ಹಠಮಾರಿ ಅಮ್ಮನಿಗೆ,

ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲ ಚೆನ್ನಾಗಿದೆ. ಇವರು ಚಿನ್ನದಂಥವರು. (‘ಇವರು’ ಎಂದು ಬರೆಯುವಾಗ ಇನ್ನೂ ನಗು ಬರುತ್ತದೆ.) ತಲೆನೋವೆಂದರೆ ನಿನ್ನದೊಂದೇ.

ಅಲ್ಲಮ್ಮ, ನನ್ನ ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆಯಲ್ಲ! ನೀನು ಆಪರೇಷನ್ ಮಾಡುವುದು ಬಿಟ್ಟು ನಿವೃತ್ತಿಯಾದರೂ ಅವರು ನಿನ್ನ ವಿದ್ಯಾರ್ಥಿನಿಯೇ. ನಿನ್ನ ದನಿ ಕೇಳಿದರೆ ಈಗಲೂ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ. ನಾನು ಎದುರಿಗೇ ಕೂತಿದ್ದೆ, ನಾಚಿಕೆಯಿಂದ ಸತ್ತೆ. ಕರೆಂಟು ಹೋದರೆ ಆಪರೇಷನ್ ಮಾಡುವ ರೋಬೋಟಿನ ಗತಿ ಏನು ಎಂದು ಕೇಳಿದೆಯಂತೆ. ಆಪರೇಷನ್ ಥಿಯೇಟರೇನು ನಮ್ಮ ಮನೆಯ ಬಚ್ಚಲೇ? ರೋಬೋಟು ತಾನಾಗಿ ಏನೂ ಮಾಡುವುದಿಲ್ಲ. ಡಾಕ್ಟರು ಅದೇ ಕೋಣೆಯಲ್ಲಿ ಕೂತು ಕೈ ಆಡಿಸಿದಂತೆ ಅದರ ತೋಳುಗಳು ಆಡುತ್ತವೆ. ಸಣ್ಣ ತೂತುಗಳು, ಗಡ್ಡೆ ಹೊರಗೆ, ಗರ್ಭಕೋಶ ಒಳಗೇ ಕ್ಷೇಮ. ನಮಗೆ ಮಕ್ಕಳಾಗುವ ದಾರಿ ಉಳಿಯಲಿ ಎಂದೇ ಅಲ್ಲವೇ ಇಷ್ಟೆಲ್ಲ?

ಇನ್ನು ನಿನ್ನ ಅಳಿಯ. ಕನ್ನಡಕದಂಗಡಿಯವರಿಗೆ ಲೆನ್ಸ್ ಎಂದರೆ ಪ್ರಾಣ. ರೋಬೋಟಿನ ಲೆನ್ಸಿನಲ್ಲಿ ಹೊಟ್ಟೆಯ ಒಳಗಿನದೆಲ್ಲ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದಂತೆ ಎಂದು ಊಟಕ್ಕೆ ಕೂತಾಗಲೆಲ್ಲ ಚಮಚಗಳನ್ನೇ ತೋಳು ಮಾಡಿ ತೋರಿಸುತ್ತಾರೆ. ನೀನು ಕೈ ಎನ್ನುತ್ತೀ, ಇವರು ಯಂತ್ರ ಎನ್ನುತ್ತಾರೆ. ಹೊಟ್ಟೆ ನನ್ನದು ಎನ್ನುವುದು ಇಬ್ಬರಿಗೂ ಮರೆತೇ ಹೋಗಿದೆ.

ನಿನ್ನೆ ನೀನು ಹೇಳಿದ್ದಂತೂ ಕಿವಿಯಿಂದ ಹೋಗುತ್ತಿಲ್ಲ: “ಗಡ್ಡೆ ಎಲ್ಲಿ ಮುಗೀತು, ಗರ್ಭಕೋಶ ಎಲ್ಲಿ ಶುರುವಾಯ್ತು ಅನ್ನೋದು ಬೆರಳಿಗೆ ಗೊತ್ತಾಗೋದು ಕಣೇ, ಪರದೆಗಲ್ಲ.” ಆಪರೇಷನ್ನಿಗೆ ಹೊರಟ ಮಗಳಿಗೆ ಹೇಳುವ ಮಾತೇ ಅದು? ಡಾಕ್ಟರನ್ನೇ ಕೇಳಿದೆ. ಮುಟ್ಟಿದ್ದು ಕೈಗೆ ತಿಳಿಯುವುದಿಲ್ಲ, ನಿಜ, ಅದನ್ನು ಕಣ್ಣಿನಿಂದ ತಿಳಿಯಲು ಕಲಿತಿದ್ದೇವೆ ಎಂದರು. ನನಗೆ ಅಷ್ಟು ಸಾಕು.

ಗುರುವಾರ ಬೆಳಿಗ್ಗೆ ಬಾ. ದೊಡ್ಡ ಡಾಕ್ಟರಾಗಿ ಅಲ್ಲ, ಬರೀ ಅಮ್ಮನಾಗಿ. ಥಿಯೇಟರಿನ ಹೊರಗೆ ಅಳಿಯನ ಪಕ್ಕ ಬಾಯಿ ಮುಚ್ಚಿಕೊಂಡು ಕೂತಿರು. ನರ್ಸುಗಳಿಗೆ ಪಾಠ ಮಾಡಕೂಡದು.

ನಿನ್ನ
ಬಾಯಿಬಡುಕಿ

ತಾ.ಕ.: ಇವರಿಗೆ ಹೇಳಬೇಡ, ಇವರ ಮುಂದೆ ನಾನು ನಗುತ್ತಲೇ ಇದ್ದೇನೆ. ರಕ್ತ ನಿಲ್ಲದಿದ್ದರೆ ಯಂತ್ರ ಸರಿಸಿ, ಹೊಟ್ಟೆ ಕೊಯ್ದು ಕೈಯಿಂದಲೇ ಮಾಡುತ್ತಾರಂತೆ. ಹಾಗಾದರೆ ಅಮ್ಮನನ್ನು ಒಳಗೆ ಕರೆಯಿರಿ ಎಂದು ಡಾಕ್ಟರಿಗೆ ಹೇಳಿದೆ. ಹೆತ್ತವರು ಮಕ್ಕಳಿಗೆ ಆಪರೇಷನ್ ಮಾಡಬಾರದು ಎಂದು ನೀನೇ ಅವರಿಗೆ ಕಲಿಸಿದ್ದೆಯಂತೆ. ಇರಲಿ. ಕೈಗೆ ಗ್ಲೌಸ್ ಹಾಕುವುದು ನಿಂತ ಮೇಲೆ ನನ್ನ ಮದುವೆಗೆಂದು ಉದ್ದ ಬಿಟ್ಟೆಯಲ್ಲ, ಆ ಉಗುರು ಕತ್ತರಿಸಿಕೊಂಡೇ ಬಾ.